ಮೂರು ವಾರದಲ್ಲಿ ಬಂದದ್ದು ವಯಸ್ಸಲ್ಲ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪ ಹತ್ತಿರದ ಹಳ್ಳಿ. ಮಾವನಿಗೆ 77 ವರ್ಷ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಮೇಲೆ ತೋಟ ನೋಡಿಕೊಂಡವರು. ಅತ್ತೆ ಹೋಗಿ ಎರಡು ವರ್ಷವಾಯಿತು. ಅಲ್ಲಿಂದ ಈಚೆ ಸ್ವಲ್ಪ ಮಂಕು. ಹೆಸರುಗಳು ತಕ್ಷಣ ನೆನಪಿಗೆ ಬರುವುದಿಲ್ಲ, ಟಿವಿ ಸೌಂಡ್ ಜಾಸ್ತಿ ಇಡುತ್ತಾರೆ, ಊಟ ಕಡಿಮೆ. ಅದಕ್ಕೆಲ್ಲ ಹೊಂದಿಕೊಂಡಿದ್ದೆವು. ಆದರೆ ಈ ಮಳೆಗಾಲದಲ್ಲಿ, ಮೂರು ವಾರದಿಂದ, ಬೇರೆಯೇ ಮನುಷ್ಯ ಆಗಿಬಿಟ್ಟಿದ್ದಾರೆ. ಹಗಲೆಲ್ಲ ತೂಕಡಿಕೆ, ರಾತ್ರಿ ಎದ್ದು ಓಡಾಟ. ಐದಾರು ಸಲ ಮೂತ್ರಕ್ಕೆ ಏಳುತ್ತಾರೆ. ಸಂಜೆಯಾದರೆ ಅತ್ತೆಯನ್ನು ಕರೆಯುತ್ತಾರೆ. ಹದಿನೈದು ವರ್ಷದಿಂದ ನಮ್ಮಲ್ಲೇ ಇರುವ, ತೋಟದ ಲೆಕ್ಕ ನೋಡುವ ರೈಟರ್ ಕರಿಮೆಣಸು ಕದ್ದಿದ್ದಾನೆ ಅಂತ ಕೂಗಾಡುತ್ತಾರೆ. ಬೆಳಿಗ್ಗೆ ಕೆಲವು ದಿನ ಏನೂ ಆಗದವರ ಹಾಗೆ ಇರುತ್ತಾರೆ. ಜೂನ್ ಕೊನೆಯಲ್ಲಿ ಅಂಗಳದಲ್ಲಿ ಜಾರಿ ಬಿದ್ದಿದ್ದರು, ಆಗ ಪೆಟ್ಟೇನೂ ಕಾಣಲಿಲ್ಲ. ಬಿಪಿ ಮಾತ್ರೆ, ಹೃದಯಕ್ಕೆ ಅಂತ ಆಸ್ಪಿರಿನ್ ಇದೆ. ನಿದ್ದೆಗೆ ಅಂತ ನನ್ನ ಗಂಡ ಅಂಗಡಿಯಿಂದ ಅಲ್ಪ್ರಜೋಲಾಮ್ ತಂದುಕೊಟ್ಟಿದ್ದಾರೆ. ಶೀತದ ಮಾತ್ರೆ ಅವರೇ ತೆಗೆದುಕೊಳ್ಳುತ್ತಾರೆ. ರಾತ್ರಿ ಎರಡು ಪೆಗ್ ರಮ್ ಮೊದಲಿನಿಂದಲೂ ಇದೆ. ಮೊನ್ನೆ "ನಾನು ಇನ್ನೂ ಯಾಕೆ ಇರಬೇಕು" ಅಂದರು. ನೆಂಟರು "ವಯಸ್ಸಾಯ್ತಲ್ಲ" ಅಂತಾರೆ. ಮೈದುನ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಅಂತಾರೆ. ಇದು ವಯಸ್ಸೇ, ಮರೆವಿನ ಕಾಯಿಲೆಯೇ? ತೋಟಕ್ಕೆ ಹೋಗಲು ಬಿಡಬೇಕೇ ಬೇಡವೇ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ "ಕಾಯಬೇಡಿ, ನಾಳೆ ಬೆಳಿಗ್ಗೆಯೇ ತೋರಿಸಿ" ಅಂತ ಮರುಉತ್ತರ ಕಳಿಸಿದ್ದೇನೆ. ಯಾಕೆ ಅಷ್ಟು ಅವಸರ ಮಾಡಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಇಂಥ ಪತ್ರಗಳು ಪ್ರತಿ ಮಳೆಗಾಲದಲ್ಲೂ ಬರುತ್ತವೆ. ಊರು ಬೇರೆ, ಹೆಸರು ಬೇರೆ, ಕತೆ ಹೆಚ್ಚುಕಡಿಮೆ ಒಂದೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಮೂರು ವಾರದಿಂದ" ಅನ್ನುವ ಕಡೆ. ವಯಸ್ಸು ಹಾಗೆ ಬರುವುದಿಲ್ಲ. ಅದು ವರ್ಷಗಟ್ಟಲೆ, ಜೊತೆಯಲ್ಲಿ ಇರುವವರಿಗೂ ಗೊತ್ತಾಗದ ಹಾಗೆ ಬರುತ್ತದೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಕೂಡ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲೇ ಬೆಳೆಯುತ್ತದೆ. ದಿನಗಳಲ್ಲಿ ಅಥವಾ ವಾರಗಳಲ್ಲಿ ಮನುಷ್ಯ ಬದಲಾದರೆ ಮೈಯಲ್ಲಿ ಏನೋ ಕೆಟ್ಟಿದೆ ಅಂತಲೇ ಮೊದಲು ಯೋಚಿಸಬೇಕು. ಹುಡುಕಿದರೆ ಎಷ್ಟೋ ಸಲ ಕಾರಣ ಸಿಗುತ್ತದೆ. ಸಿಕ್ಕಿದ ಮೇಲೆ ಎಷ್ಟೋ ಸಲ ಸರಿಯೂ ಆಗುತ್ತದೆ.

ನಿಮ್ಮ ನೆಂಟರನ್ನು ನಾನು ದೂರುವುದಿಲ್ಲ. ಅರವತ್ತಕ್ಕೆ ಅರಳು ಮರಳು ಅಂತ ಕೇಳಿಕೊಂಡೇ ಬೆಳೆದವರು ನಾವೆಲ್ಲ. ಆದರೆ 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಂದಾಜಿನ ಪ್ರಕಾರ, 60 ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ ಇರುವವರು ಶೇ 7.4ರಷ್ಟು. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇಲ್ಲ ಅಂತಾಯಿತಲ್ಲ. ನಮ್ಮ ಜಿಲ್ಲೆಯಲ್ಲಿ ಇದರ ಉಲ್ಟಾ ಮಾತೂ ಕೇಳಿಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 94ರವರೆಗೆ ಬಾಳಿದರು, ಇವರು 77ಕ್ಕೇ ಯಾಕೆ ಹೀಗಾದರು ಅಂತ. ಅದೂ ಸರಿಯಲ್ಲ. ಮೂವತ್ತರ ಇಬ್ಬರು ಹೆಚ್ಚುಕಡಿಮೆ ಒಂದೇ ತರಹ ಇರುತ್ತಾರೆ. ಎಂಬತ್ತರ ಇಬ್ಬರು ಹಾಗಿರುವುದಿಲ್ಲ.

ಹಾಗಾದರೆ ನಿಜವಾಗಿ ವಯಸ್ಸಿನಿಂದ ಆಗುವುದು ಏನು? ನೀವು ಬರೆದ ಮೊದಲ ಎರಡು ವರ್ಷದ ವಿಷಯಗಳಲ್ಲಿ ಕೆಲವು ಅದೇ. ಹೆಸರು ತಕ್ಷಣ ಬಾಯಿಗೆ ಬರುವುದಿಲ್ಲ, ಅರ್ಧ ಗಂಟೆ ಬಿಟ್ಟು ತಾನೇ ಬರುತ್ತದೆ. ಹೊಸ ಫೋನ್ ಕಲಿಯಲು ಹೊತ್ತು ಹಿಡಿಯುತ್ತದೆ. ಒಂದೇ ಸಲಕ್ಕೆ ಎರಡು ಕೆಲಸ ಅಂದರೆ ಗಲಿಬಿಲಿ. ಆದರೆ ಗೊತ್ತಿದ್ದ ವಿದ್ಯೆ ಹೋಗುವುದಿಲ್ಲ. ಯಾವ ಗಿಡಕ್ಕೆ ಯಾವಾಗ ಕಪಾತ್ ಮಾಡಬೇಕು (ಕೊಂಬೆ ಸವರಬೇಕು), ಯಾವ ಮರದ ನೆರಳು ತೆಗೆಸಬೇಕು ಅನ್ನುವುದು ಹಾಗೇ ಇರುತ್ತದೆ. ಹೆಸರು ಮರೆತರೆ ನಾನು ಹೆದರುವುದಿಲ್ಲ. ನಲವತ್ತು ವರ್ಷ ಓಡಾಡಿದ ತೋಟದಲ್ಲೇ ದಾರಿ ತಪ್ಪಿದರೆ, ಕೂಲಿ ಲೆಕ್ಕ ಹಾಕಲು ಬರದಿದ್ದರೆ, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೇಳಿದರೆ ಆಗ ಪರೀಕ್ಷೆ ಮಾಡಿಸಬೇಕು.

ಮೈಯಲ್ಲಿ ಆಗುವ ಬದಲಾವಣೆಗಳಲ್ಲಿ ಮೂರು ನಿಮ್ಮ ಮಾವನ ವಿಷಯಕ್ಕೆ ನೇರ ಸಂಬಂಧ ಇರುವಂಥವು. ಒಂದು, ಬಾಯಾರಿಕೆ ಕಡಿಮೆಯಾಗುತ್ತದೆ. ಮೈಗೆ ನೀರು ಬೇಕಾಗಿದ್ದರೂ ಬೇಕು ಅನ್ನಿಸುವುದಿಲ್ಲ. ಮಳೆಗಾಲದ ಚಳಿಯಲ್ಲಂತೂ ಕೇಳುವುದೇ ಬೇಡ. ಜೊತೆಗೆ ರಾತ್ರಿ ಏಳಬೇಕಲ್ಲ ಅಂತ ಬೇಕೆಂದೇ ನೀರು ಬಿಡುವವರೂ ಇದ್ದಾರೆ. ಎರಡು, ಮೂತ್ರಪಿಂಡ ಸೋಸುವ ವೇಗ ನಲವತ್ತರ ನಂತರ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಪಿತ್ತಜನಕಾಂಗದ ಕೆಲಸವೂ ನಿಧಾನವಾಗುತ್ತದೆ. ಮೈಯಲ್ಲಿ ನೀರಿನ ಪಾಲು ಇಳಿದು ಕೊಬ್ಬಿನ ಪಾಲು ಏರುತ್ತದೆ. ಹಾಗಾಗಿ ಐವತ್ತರಲ್ಲಿ ಬೆಳಿಗ್ಗೆಗೆ ಇಳಿದುಹೋಗುತ್ತಿದ್ದ ಮಾತ್ರೆ ಎಪ್ಪತ್ತೇಳರಲ್ಲಿ ಮರುದಿನ ಮಧ್ಯಾಹ್ನವೂ ರಕ್ತದಲ್ಲಿ ಉಳಿದಿರುತ್ತದೆ. ಮೂರು, ಎದ್ದು ನಿಂತಾಗ ರಕ್ತದೊತ್ತಡವನ್ನು ಹಿಡಿದಿಡುವ ಚುರುಕು ತಗ್ಗುತ್ತದೆ. ಹಾಸಿಗೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ.

ಒಂದು ಹಳೇ ಜೀಪನ್ನು ನೆನೆಸಿಕೊಳ್ಳಿ. ಕುಶಾಲನಗರದ ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಕೊಡುವುದಿಲ್ಲ. ಲೋಡ್ ಹಾಕಿ ಏರಿಗೆ ಬಿಟ್ಟರೆ ಅದರ ವಯಸ್ಸು ಗೊತ್ತಾಗುತ್ತದೆ. ವಯಸ್ಸಾದವರ ಮಿದುಳೂ ಹಾಗೆ. ದಿನದ ಕೆಲಸಕ್ಕೆ ಸಾಕಾಗುವಷ್ಟು ಶಕ್ತಿ ಇರುತ್ತದೆ, ಮೇಲೆ ಉಳಿತಾಯ ಇರುವುದಿಲ್ಲ. ಮೂತ್ರದ ಸೋಂಕೋ ಶ್ವಾಸಕೋಶದ ಸೋಂಕೋ ಬಂದರೆ ಯುವಕರಿಗೆ ಜ್ವರ, ನೋವು ಬರುತ್ತದೆ. ಇವರಿಗೆ ಜ್ವರ ಬಾರದೇ ಇರಬಹುದು. ಮೊದಲು ಕಾಣುವುದು ಗೊಂದಲ.

ಈ ದಿಢೀರ್ ಗೊಂದಲವನ್ನು ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಇದರ ಗುರುತು ನೀವೇ ಬರೆದಿದ್ದೀರಿ: ಬೆಳಿಗ್ಗೆ ಸರಿ, ಸಂಜೆ ಕೆಡುತ್ತದೆ, ಹಗಲು ರಾತ್ರಿ ಅದಲುಬದಲು, ಇಲ್ಲದವರನ್ನು ಕರೆಯುವುದು. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಲು ಕೇಳಿ. ಡಿಮೆನ್ಷಿಯಾ ಶುರುವಾಗುತ್ತಿರುವವರು ಸಾಮಾನ್ಯವಾಗಿ ತಡವಾದರೂ ಹೇಳುತ್ತಾರೆ. ಡೆಲಿರಿಯಂ ಇರುವವರು ಶುಕ್ರವಾರ, ಗುರುವಾರ ಅನ್ನುವಷ್ಟರಲ್ಲಿ ಎಲ್ಲಿದ್ದೆ ಅನ್ನುವುದನ್ನೇ ಮರೆಯುತ್ತಾರೆ. ಗಮನ ನಿಲ್ಲುವುದೇ ಇಲ್ಲ. ಇದು ಪಕ್ಕಾ ತೀರ್ಪಲ್ಲ, ಒಂದು ಸುಳಿವು ಅಷ್ಟೇ.

ಈಗ ನಿಮ್ಮ ಮಾವನ ವಿಷಯದಲ್ಲಿ ನನಗಿರುವ ಅನುಮಾನಗಳನ್ನು ಹೇಳುತ್ತೇನೆ. ನೋಡದೆ ಇದೇ ಅಂತ ಹೇಳುವ ಹಾಗಿಲ್ಲ. ಆದರೆ ಪತ್ರದಲ್ಲೇ ಸಾಕಷ್ಟು ಇದೆ.

ಮೊದಲ ಅನುಮಾನ ಶೀತದ ಮಾತ್ರೆಯ ಮೇಲೆ. ಯಾರೂ ಅದನ್ನು ಔಷಧ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಶೀತದ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ, ಜೊತೆಗೆ ಮೂಗು ಬಿಡಿಸಲು ಫಿನೈಲೆಫ್ರಿನ್. ಮೊದಲನೆಯದು ವಯಸ್ಸಾದವರ ಮಿದುಳನ್ನು ಮಂಕು ಮಾಡುತ್ತದೆ, ಬಾಯಿ ಒಣಗಿಸುತ್ತದೆ, ಮಲ ಕಟ್ಟಿಸುತ್ತದೆ. ಎರಡನೆಯದು ಬಿಪಿ ಏರಿಸಬಹುದು. ಎರಡೂ ಸೇರಿ ಮೂತ್ರ ಹೊರಹೋಗುವುದನ್ನು ಕಷ್ಟ ಮಾಡುತ್ತವೆ. 77ರ ಗಂಡಸಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವುದು ಸಾಮಾನ್ಯ. ಮೊದಲೇ ಇಕ್ಕಟ್ಟಾದ ದಾರಿ ಇದರಿಂದ ಅರ್ಧಕ್ಕರ್ಧ ಮುಚ್ಚಿದ ಹಾಗೆ ಆಗುತ್ತದೆ. ಆಗ ಮೂತ್ರಕೋಶ ತುಂಬಿಯೇ ಇರುತ್ತದೆ, ಮೇಲಿನದ್ದು ಮಾತ್ರ ಸ್ವಲ್ಪ ಸ್ವಲ್ಪ ಹೊರಬರುತ್ತದೆ. ಐದಾರು ಸಲ ಹೋಗುತ್ತಾರೆ ಅಂದರೆ ಚೆನ್ನಾಗಿ ಹೋಗುತ್ತಿದೆ ಅಂತ ಮನೆಯವರು ತಿಳಿಯುತ್ತಾರೆ. ನಿಜ ಅದರ ಉಲ್ಟಾ ಇರಬಹುದು. ತುಂಬಿದ ಮೂತ್ರಕೋಶ ಒಂದೇ ಸಾಕು, ವಯಸ್ಸಾದವರನ್ನು ಗೊಂದಲಕ್ಕೆ ತಳ್ಳಲು. ಅದರಲ್ಲಿ ಸೋಂಕೂ ಸೇರಿದರೆ ಹೇಳುವುದೇ ಬೇಡ. ಒಂದು ಅಲ್ಟ್ರಾಸೌಂಡ್ ಮಾಡಿದರೆ ಗೊತ್ತಾಗುತ್ತದೆ.

ಎರಡನೆಯದು ಅಲ್ಪ್ರಜೋಲಾಮ್. ನಿಮ್ಮ ಗಂಡ ಒಳ್ಳೇ ಮನಸ್ಸಿನಿಂದಲೇ ತಂದಿದ್ದಾರೆ. ಆದರೆ ಇದು ಚೀಟಿ ಇಲ್ಲದೆ ಕೊಡಬಾರದ ಮಾತ್ರೆ. ಕಾನೂನು ಹಾಗೇ ಹೇಳುತ್ತದೆ, ಅಂಗಡಿಯವರು ಕೊಟ್ಟುಬಿಡುತ್ತಾರೆ. ವಯಸ್ಸಾದವರಲ್ಲಿ ಇದು ಗೊಂದಲ, ಮರೆವು, ಬೀಳುವುದು ಮೂರನ್ನೂ ಹೆಚ್ಚಿಸುತ್ತದೆ. ಮೇಲೆ ರಮ್ ಬಿದ್ದರೆ ಉಸಿರಾಟವೇ ನಿಧಾನವಾಗುವ ಅಪಾಯ ಇದೆ. ಹಾಗಂತ ಇದನ್ನು ಓದಿ ಇವತ್ತೇ ಮಾತ್ರೆ ಎಸೆಯಬೇಡಿ. ಕೆಲವು ವಾರ ತೆಗೆದುಕೊಂಡವರು ಏಕಾಏಕಿ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ಪ್ರಮಾಣ ಇಳಿಸುತ್ತಾ ಬಿಡಿಸುತ್ತಾರೆ. ಶೀತದ ಮಾತ್ರೆಯನ್ನು ಮಾತ್ರ ಈ ಕ್ಷಣವೇ ನಿಲ್ಲಿಸಬಹುದು.

ರಮ್‌ಗೂ ಇದೇ ಮಾತು. ಎರಡು ಪೆಗ್ ಅಂತ ಬರೆದಿದ್ದೀರಿ. ನಮ್ಮ ಕಡೆ ಮನೆಯಲ್ಲಿ ಸುರಿಯುವ ಪೆಗ್ಗಿಗೆ ಅಳತೆ ಇಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಮಿಲಿಟರಿ ಕ್ಯಾಂಟೀನಿನ ಬಾಟಲಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಅಂತ ನೋಡಿ, ಆ ಲೆಕ್ಕವನ್ನು ವೈದ್ಯರಿಗೆ ಹೇಳಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಗೊಂದಲ ಇನ್ನೂ ಏರುತ್ತದೆ. ಮರ್ಯಾದೆಗೆ ಅಂಜಿ ಕಡಿಮೆ ಹೇಳಿದರೆ ಚಿಕಿತ್ಸೆಯೇ ತಪ್ಪುತ್ತದೆ.

ಮೂರನೆಯದು ನನ್ನನ್ನು ಅವಸರಪಡಿಸಿದ ವಿಷಯ. ಜೂನ್ ಕೊನೆಯಲ್ಲಿ ಬಿದ್ದದ್ದು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಮಿದುಳಿಗೂ ಬುರುಡೆಗೂ ನಡುವೆ ಜಾಗ ಹೆಚ್ಚಾಗುತ್ತದೆ, ಅಲ್ಲಿನ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿದು ರಕ್ತ ಜಿನುಗಬಹುದು. ತಲೆ ನೆಲಕ್ಕೆ ತಾಗಲೇಬೇಕು ಅಂತಲೂ ಇಲ್ಲ, ಜೋರಾಗಿ ಕುಲುಕಿದರೂ ಸಾಕು. ರಕ್ತ ನಿಧಾನವಾಗಿ ಸೇರುತ್ತಾ ಹೋಗಿ, ವಾರಗಳ ನಂತರ ಮಿದುಳನ್ನು ಒತ್ತಲು ಶುರುಮಾಡುತ್ತದೆ. ಆಸ್ಪಿರಿನ್, ಮದ್ಯ ಎರಡೂ ಈ ಅಪಾಯವನ್ನು ಹೆಚ್ಚಿಸುತ್ತವೆ. ಅಷ್ಟರಲ್ಲಿ ಬಿದ್ದದ್ದನ್ನು ಎಲ್ಲರೂ ಮರೆತಿರುತ್ತಾರೆ. ನೀವು ಮರೆಯದೆ ಬರೆದದ್ದು ಒಳ್ಳೆಯದಾಯಿತು. ತಲೆಯ ಸಿಟಿ ಸ್ಕ್ಯಾನ್ ಮಾಡಿದರೆ ಕಾಣುತ್ತದೆ. ಅದಕ್ಕೆ ಮಡಿಕೇರಿ ಸಾಕು. ಶಸ್ತ್ರಚಿಕಿತ್ಸೆ ಬೇಕು ಅಂತಾದರೆ ಮೈಸೂರು ಅಥವಾ ಮಂಗಳೂರು, ಎರಡೂ ನೂರು ಕಿಲೋಮೀಟರಿಗೂ ದೂರ. ಜೋರು ಮಳೆಯಲ್ಲಿ ಮಂಗಳೂರು ಕಡೆಯ ಸಂಪಾಜೆ ಘಾಟ್ ಯಾವಾಗ ಬಂದ್ ಆಗುತ್ತದೆ ಅಂತ ಹೇಳಲಾಗದು. ರಸ್ತೆ ತೆರೆದಿರುವಾಗಲೇ ಸ್ಕ್ಯಾನ್ ಮುಗಿಸಿಕೊಳ್ಳಿ ಅನ್ನುವುದು ಅದಕ್ಕೇ. ಹೊತ್ತಿಗೆ ಸರಿಯಾಗಿ ಕಂಡುಹಿಡಿದರೆ ಈ ತೊಂದರೆಯಿಂದ ಚೇತರಿಸಿಕೊಳ್ಳುವವರು ಬಹಳ ಮಂದಿ.

ಇವುಗಳ ಜೊತೆಗೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ, ಇಸಿಜಿ ಕೂಡ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಸೋಡಿಯಂ ಕುಸಿದಿರಬಹುದು, ಅದೊಂದೇ ಗೊಂದಲ ತರಬಲ್ಲದು. ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಲು ಕೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅಂಗಳದಲ್ಲಿ ಬಿದ್ದದ್ದಕ್ಕೆ ಪಾಚಿ ಒಂದೇ ಕಾರಣವಲ್ಲ.

ಆಸ್ಪತ್ರೆಯಲ್ಲಿ ಗಲಾಟೆ ಮಾಡುತ್ತಾರೆ ಅಂತ ಮಲಗಿಸುವ ಇಂಜೆಕ್ಷನ್ ಕೊಡಿ ಅಂತ ನೀವಾಗಿ ಕೇಳಬೇಡಿ. ಕೆಲವು ಸಂದರ್ಭದಲ್ಲಿ ಬೇಕಾಗುತ್ತದೆ, ಅದು ವೈದ್ಯರ ತೀರ್ಮಾನ. ಹೆಚ್ಚಿನ ಸಲ ಮನೆಯವರೊಬ್ಬರು ಪಕ್ಕದಲ್ಲಿ ಕೂತು, ಕನ್ನಡಕ ಹಾಕಿಸಿ, ಹಗಲು ಕಿಟಕಿ ತೆರೆದು, ರಾತ್ರಿ ಒಂದು ಸಣ್ಣ ದೀಪ ಇಟ್ಟರೆ ಅದೇ ಅರ್ಧ ಔಷಧ.

ರೈಟರ್ ಮೇಲಿನ ಅನುಮಾನದ ವಿಷಯಕ್ಕೆ ಬರುತ್ತೇನೆ. ಇದು ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು. ಮಾವನ ಬುದ್ಧಿ ಕೆಟ್ಟಿತು ಅಂತ ತಿಳಿಯಬೇಡಿ. ಮಿದುಳು ಗೊಂದಲದಲ್ಲಿರುವಾಗ ನೆನಪಿನಲ್ಲಿ ಅಲ್ಲಲ್ಲಿ ಜಾಗ ಖಾಲಿ ಬೀಳುತ್ತದೆ. ಮೆಣಸಿನ ಚೀಲ ಎಲ್ಲಿಟ್ಟೆ ಅನ್ನುವುದು ನೆನಪಿಲ್ಲ. ಹಾಗಾದರೆ ಯಾರೋ ತೆಗೆದಿರಬೇಕು. ಅಷ್ಟೇ ಆ ತರ್ಕ. "ಅವನು ಅಂಥವನಲ್ಲ ಮಾವ" ಅಂತ ವಾದ ಮಾಡಿದರೆ ನೀವೂ ಕಳ್ಳರ ಪಟ್ಟಿಗೆ ಸೇರುತ್ತೀರಿ. "ಹೌದಾ ಮಾವ, ಬನ್ನಿ, ಒಂದು ಸಲ ಗೋಡೌನ್ ನೋಡಿಬರೋಣ" ಅನ್ನಿ. ರೈಟರ್‌ನನ್ನು ಪಕ್ಕಕ್ಕೆ ಕರೆದು ಇದು ಕಾಯಿಲೆಯ ಮಾತು ಅಂತ ಬಿಡಿಸಿ ಹೇಳಿ. ಹದಿನೈದು ವರ್ಷ ದುಡಿದವನು ಈ ಮಾತಿಗೆ ಕೆಲಸ ಬಿಟ್ಟು ಹೋದರೆ ನಿಮಗೇ ನಷ್ಟ. ಸಂಜೆ ಅತ್ತೆಯನ್ನು ಕರೆದರೆ ಪ್ರತಿ ಸಲವೂ "ಅವರು ತೀರಿಹೋದರಲ್ಲ" ಅಂತ ಹೇಳಬೇಡಿ. ಗೊಂದಲದಲ್ಲಿ ಇರುವವರಿಗೆ ಅದು ಪ್ರತಿ ಸಲವೂ ಹೊಸ ಸಾವಿನ ಸುದ್ದಿ. "ಅತ್ತೆ ನೆನಪಾದ್ರಾ?" ಅಂತ ಕೇಳಿ ಮಾತು ಅವರ ಕಡೆಗೇ ತಿರುಗಿಸಿ.

"ನಾನು ಇನ್ನೂ ಯಾಕೆ ಇರಬೇಕು" ಅಂದದ್ದನ್ನು ಸುಮ್ನೆ ಬಿಡುವ ಹಾಗಿಲ್ಲ. ವಯಸ್ಸಾದ ಗಂಡಸರು ಅಳುವುದು ಕಡಿಮೆ. ಅವರ ದುಃಖ ಸಿಟ್ಟಾಗಿ, ಊಟ ಬೇಡ ಅನ್ನುವುದಾಗಿ, ಮೈಕೈ ನೋವಾಗಿ ಕಾಣುತ್ತದೆ. ಹೆಂಡತಿ ಹೋದ ಮೇಲೆ ಎರಡು ವರ್ಷದ ಮಂಕು ಅಂದಿರಲ್ಲ, ಅದು ವಯಸ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಖಿನ್ನತೆ ಇರಬಹುದು. ಮರೆವನ್ನೂ ಅದು ತರುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಇನ್ನೊಂದು ಸಂಗತಿ. ನಿಮ್ಮ ಸುತ್ತಮುತ್ತ ಮಾದಾಪುರ, ಮಕ್ಕಂದೂರು ಕಡೆ 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡವರು ಮಳೆ ಜೋರಾದ ರಾತ್ರಿ ಇವತ್ತಿಗೂ ಎದ್ದು ಕೂರುತ್ತಾರೆ. ಗುಡ್ಡದ ಕಡೆ ಕಿವಿ ಕೊಟ್ಟಿರುತ್ತಾರೆ. ನಿಮ್ಮ ಮಾವನಿಗೆ ಅಂಥ ಭಯ ಇದೆಯೇ ಅಂತ ಒಂದು ಮಾತು ಕೇಳಿ. ನಿದ್ದೆ ಮಾತ್ರೆ ಆ ಭಯಕ್ಕೆ ಮದ್ದಲ್ಲ.

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಜನ ಹೆದರುತ್ತಾರೆ. ಅದು ಸುಳ್ಳು. ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ. ನಿಮಗೆ ಕಷ್ಟ ಅನ್ನಿಸಿದರೆ ಮಗ ಕೇಳಲಿ.

ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಮನೆಯಲ್ಲಿ ಕೋವಿ ಇದೆಯೇ? ಕೊಡವರಿಗೂ ಜಮ್ಮಾ (ಇಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್ ವಿನಾಯಿತಿ ಇರುವ ಜಿಲ್ಲೆ ಇದು. ಕೋವಿ ಇಲ್ಲಿ ಗೌರವದ ವಸ್ತು, ಕೈಲ್ ಪೊಳ್ದು ಹಬ್ಬಕ್ಕೆ ಪೂಜೆ ಆಗುವಂಥದ್ದು. ಹಾಗಾಗಿ ಈ ಮಾತು ಎತ್ತಲು ವೈದ್ಯರೂ ಹಿಂಜರಿಯುತ್ತಾರೆ. ಆದರೆ ಗೊಂದಲದಲ್ಲಿ ಇರುವ, ಬದುಕು ಸಾಕು ಅನ್ನುವ, ಕಳ್ಳ ಬಂದ ಅಂತ ನಂಬಿರುವ ಮನುಷ್ಯ ರಾತ್ರಿ ಎದ್ದು ಓಡಾಡುವ ಮನೆಯಲ್ಲಿ ತುಂಬಿದ ಕೋವಿ ಇರಬಾರದು. ಅವರಿಗೂ ಅಪಾಯ, ರೈಟರ್‌ಗೂ ಅಪಾಯ. ಗುಂಡು ಬೇರೆ ಕಡೆ, ಕೋವಿ ಬೇರೆ ಕಡೆ, ಎರಡಕ್ಕೂ ಬೀಗ, ಬೀಗದಕೈ ಮಗನ ಹತ್ತಿರ. ಇನ್ನೂ ಒಳ್ಳೆಯದು ಅಂದರೆ ಕೆಲವು ತಿಂಗಳು ಠಾಣೆಯಲ್ಲಿ ಕೇಳಿ ಅಲ್ಲಿ ಜಮಾ ಮಾಡುವುದು. ಮಿಲಿಟರಿಯವರ ಕೈಯಿಂದ ಕೋವಿ ತೆಗೆಯುವುದು ಅವಮಾನ ಅನ್ನಿಸಬಾರದು. ರಿಪೇರಿಗೆ ಕಳಿಸೋಣ, ಎಣ್ಣೆ ಹಾಕಿಸೋಣ ಅಂತ ಹೇಳಿ. ಗೋಡೌನಿನ ಕೀಟನಾಶಕಕ್ಕೂ ಬೀಗ ಹಾಕಿ. ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರೂ ಕರೆ ಮಾಡಬಹುದು.

ತೋಟಕ್ಕೆ ಬಿಡುವುದೋ ಬೇಡವೋ? ಈ ಗೊಂದಲ ಇಳಿಯುವವರೆಗೆ ಒಬ್ಬರೇ ಬೇಡ. ಇಳಿದ ಮೇಲೆ ಖಂಡಿತ ಹೋಗಲಿ. ಬಿದ್ದಾರು ಅಂತ ಕುರ್ಚಿಯಲ್ಲಿ ಕೂರಿಸಿದರೆ ಬೀಳುವ ಅಪಾಯ ಇನ್ನೂ ಜಾಸ್ತಿಯಾಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ಹತ್ತೇ ದಿನ! ಇಡೀ ಮಳೆಗಾಲ ಒಲೆ ಮುಂದೆ ಕೂತವರ ಕಾಲು ಏನಾಗಬೇಡ? ಗೊಂದಲ ಹೋದ ಮೇಲೆ ಹೀಗೆ ನೋಡಿ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ? 12 ಅಥವಾ ಅದಕ್ಕಿಂತ ಹೆಚ್ಚಾದರೆ ಫಿಸಿಯೋಥೆರಪಿಯವರಿಗೆ ತೋರಿಸಿ, ಕಾಲಿಗೆ ಬಲ ಬರುವ ವ್ಯಾಯಾಮ ಕಲಿಸುತ್ತಾರೆ. ಊಟದಲ್ಲಿ ಮೊಟ್ಟೆ, ಮೀನು, ಬೇಳೆ ದಿನಾ ಇರಲಿ. ಬರೀ ಗಂಜಿಯಲ್ಲಿ ಮಾಂಸಖಂಡ ಬೆಳೆಯುವುದಿಲ್ಲ. ಹಲ್ಲು ಸರಿ ಇದೆಯಾ ಅಂತಲೂ ನೋಡಿ, ಎಷ್ಟೋ ಮಂದಿ ಊಟ ಬಿಡುವುದು ಅದೇ ಕಾರಣಕ್ಕೆ.

ಇನ್ನೊಂದು ಎಚ್ಚರಿಕೆ ನಮ್ಮ ಜಿಲ್ಲೆಗೇ ಸೇರಿದ್ದು. ಕಿವಿ ಮಂದವಾದವರು ಬೆಳ್ಳಂಬೆಳಿಗ್ಗೆ ಒಬ್ಬರೇ ತೋಟಕ್ಕೆ ಇಳಿಯಬಾರದು. ಆನೆ ಕೊಂಬೆ ಮುರಿಯುವ ಸದ್ದು ನಿಮಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ. ಬಿಸಿಲು ಬಂದ ಮೇಲೆ, ಜೊತೆಗೆ ಒಬ್ಬರು ಇದ್ದು ಹೋಗಲಿ.

ಕಿವಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಕೀಚಲು ಸದ್ದು. ದನಿ ಕೇಳುತ್ತದೆ, ಮಾತು ಬಿಡಿಸಿ ಗೊತ್ತಾಗುವುದಿಲ್ಲ. ಅದಕ್ಕೇ ಕಿರುಚಿದರೆ ಪ್ರಯೋಜನ ಇಲ್ಲ. ಎದುರು ನಿಂತು, ನಿಧಾನವಾಗಿ, ಬಾಯಿ ಕಾಣುವ ಹಾಗೆ ಮಾತಾಡಿ. ಊಟದ ಮನೆಯಲ್ಲಿ ನಾಲ್ಕು ಜನ ನಕ್ಕಾಗ ತನ್ನನ್ನೇ ನೋಡಿ ನಕ್ಕರು ಅಂತ ಅನ್ನಿಸುವುದು ಈ ಕಿವಿಯಿಂದಲೇ. ಅನುಮಾನ ಬೆಳೆಯಲು ಇದೂ ಒಂದು ದಾರಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾ ತರಬಲ್ಲ, ಆದರೆ ನಾವು ತಿದ್ದಬಹುದಾದ 14 ಅಂಶಗಳನ್ನು ಹೆಸರಿಸಿತು. ಎಲ್ಲವನ್ನೂ ತಿದ್ದಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಅಂತ ಅದರ ಅಂದಾಜು. ಆ ಪಟ್ಟಿಯಲ್ಲಿ ಕಿವಿ ಮಂದವಾಗುವುದು ಇದೆ. ಚಿಕಿತ್ಸೆ ಮಾಡಿಸದ ಕಣ್ಣಿನ ದೋಷ, ಒಂಟಿತನ, ಖಿನ್ನತೆ, ಅತಿಯಾದ ಕುಡಿತವೂ ಇವೆ. ನಿಮ್ಮ ಮಾವನ ಪಾಲಿಗೆ ಇದರಲ್ಲಿ ಎಷ್ಟು ಬರುತ್ತದೆ ನೋಡಿ. ಶ್ರವಣ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಗುಗ್ಗೆ ತೆಗೆಸಿ ನೋಡಿ. ಕೆಲವರಿಗೆ ಅಷ್ಟರಲ್ಲೇ ಟಿವಿ ಸೌಂಡ್ ಅರ್ಧಕ್ಕೆ ಇಳಿಯುತ್ತದೆ. ಮಾಜಿ ಸೈನಿಕರಲ್ಲವೇ, ಅವರಿಗಿರುವ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದ್ದರೆ ಯಂತ್ರದ ಬಗ್ಗೆ ಅಲ್ಲೇ ವಿಚಾರಿಸಿ.

ಬೆಂಗಳೂರಿನ ವಿಷಯ. ನಿಮ್ಮ ಮೈದುನನ ಕಾಳಜಿ ನಿಜವಾದದ್ದು. ಆದರೆ ಈಗ ಬೇಡ. ಗೊಂದಲದಲ್ಲಿ ಇರುವವರನ್ನು ಗೊತ್ತಿಲ್ಲದ ಮನೆಗೆ ಕರೆದೊಯ್ದರೆ ಬಾತ್‌ರೂಮ್ ಎಲ್ಲಿ, ಬಾಗಿಲು ಎಲ್ಲಿ ಅನ್ನುವುದೇ ತಿಳಿಯದೆ ಇನ್ನೂ ಕೆಡುತ್ತಾರೆ. ಐದನೇ ಮಹಡಿಯ ಬಾಲ್ಕನಿ ಅಂಗಳವಲ್ಲ. ಅಲ್ಲಿ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ಹಗಲಿಡೀ ಒಬ್ಬರೇ. ಇನ್ನೊಂದು ಕಡೆ, ಇಲ್ಲೇ ಇರುವುದಕ್ಕೂ ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಫೋನ್ ಸಿಗುವುದಿಲ್ಲ. ಮರ ಬಿದ್ದು ರಸ್ತೆ ಕಟ್ಟಿದರೆ ಆಂಬುಲೆನ್ಸ್ ಬರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಕಾರಣ ಹುಡುಕಿ ಚಿಕಿತ್ಸೆ ಆಗಲಿ. ಪುತ್ತರಿ ಸುಗ್ಗಿ ಹಬ್ಬ ಕಳೆದ ಮೇಲೆ ಹದಿನೈದು ದಿನ ಬೆಂಗಳೂರಿಗೆ ಹೋಗಿಬರಲಿ. ಹಿಡಿಸಿದರೆ ಮುಂದಿನ ಜೂನ್, ಜುಲೈ, ಆಗಸ್ಟ್ ಅಲ್ಲಿ, ಉಳಿದ ತಿಂಗಳು ಇಲ್ಲಿ. ಹಿಡಿಸದಿದ್ದರೆ ಮೈದುನ ಕಳಿಸುವ ದುಡ್ಡಿನಲ್ಲಿ ಇಲ್ಲೇ ಹಗಲು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಬಹುದು. ಈ ಮಗನ ಮನೆ ಎರಡು ತಿಂಗಳು, ಆ ಮಗಳ ಮನೆ ಎರಡು ತಿಂಗಳು ಅಂತ ಸುತ್ತಿಸುವುದು ಮಾತ್ರ ಬೇಡ. ನ್ಯಾಯವಾದ ಹಂಚಿಕೆ ಅಂತ ಮಕ್ಕಳಿಗೆ ಅನ್ನಿಸುತ್ತದೆ, ಮರೆವು ಇರುವವರಿಗೆ ಅದು ದೊಡ್ಡ ಹಿಂಸೆ. ಇದನ್ನೆಲ್ಲ ತೀರ್ಮಾನ ಮಾಡುವಾಗ ಮಾವನನ್ನೂ ಕೂರಿಸಿಕೊಳ್ಳಿ. ಬೆಳಿಗ್ಗೆ ತಲೆ ಸರಿ ಇರುವ ಹೊತ್ತಿನಲ್ಲಿ ಕೇಳಿ.

ಮನೆಯಲ್ಲಿ ಇರುವಾಗ ಮಾಡಬಹುದಾದ್ದು ಹೆಚ್ಚೇನಿಲ್ಲ. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಬೆಳಕು, ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ದೀಪ. ಬಚ್ಚಲು ಹೊರಗಡೆ ಇದ್ದರೆ ರಾತ್ರಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ. ಅಂಗಳದ ಪಾಚಿ ಕೆರೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ. ಬೆಲ್ಲದ ಕಾಫಿ ಮಧ್ಯಾಹ್ನಕ್ಕೇ ಕೊನೆ, ನೀರು ಹಗಲು ಹೊತ್ತಿನಲ್ಲೇ ಹೆಚ್ಚು ಕುಡಿಸಿ.

ಪರೀಕ್ಷೆಗಳೆಲ್ಲ ಮುಗಿದು, ಕಾರಣಕ್ಕೆ ಚಿಕಿತ್ಸೆಯೂ ಆದ ಮೇಲೆ ಗೊಂದಲ ಒಂದೇ ದಿನಕ್ಕೆ ಹೋಗುವುದಿಲ್ಲ. ವಾರಗಳು ಹಿಡಿಯುತ್ತವೆ, ಕೆಲವರಿಗೆ ತಿಂಗಳು. ಮೂರು ತಿಂಗಳ ನಂತರ ನೆನಪಿನ ಪರೀಕ್ಷೆ ಮಾಡಿಸಿ, ಈಗಲೇ ಮಾಡಿಸಿದರೆ ಸುಳ್ಳು ಉತ್ತರ ಬರುತ್ತದೆ. ಆಗಲೂ ಮರೆವು ಉಳಿದಿದ್ದರೆ ಒಳಗೊಳಗೇ ಡಿಮೆನ್ಷಿಯಾ ಶುರುವಾಗಿರಬಹುದು. ಅದು ಮೊದಲೇ ಇರುವವರಿಗೆ ಡೆಲಿರಿಯಂ ಬರುವುದು ಜಾಸ್ತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೇ ಅಂತ ಪ್ರತ್ಯೇಕ ವಿಭಾಗ ಇದೆ, ಆಗ ಅಲ್ಲಿ ತೋರಿಸಬಹುದು. ಮೈದುನನ ಮನೆ ಆ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ಮಡಿಕೇರಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಪಟ್ಟಿಗಳ ಸಮೇತ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಶೀತದ್ದು, ಗ್ಯಾಸಿನದ್ದು, ನಾಟಿ ಔಷಧ, ಎಲ್ಲವೂ. ಬಿದ್ದ ದಿನಾಂಕ, ಗೊಂದಲ ಶುರುವಾದ ದಿನಾಂಕ ಚೀಟಿಯಲ್ಲಿ ಬರೆದಿಡಿ. ಅವರ ಜೊತೆ ದಿನಾ ಇರುವವರು ನೀವು, ಹಾಗಾಗಿ ನೀವೇ ಹೋಗಿ, ಗಂಡನನ್ನು ಮಾತ್ರ ಕಳಿಸಬೇಡಿ. ಅಷ್ಟರೊಳಗೆ ವಾಂತಿ, ಜೋರು ತಲೆನೋವು, ಒಂದು ಕಡೆ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಎಬ್ಬಿಸಿದರೂ ಏಳದಿರುವುದು, ಹನ್ನೆರಡು ಗಂಟೆ ಮೂತ್ರವೇ ಆಗದಿರುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ನೋಡದೆ ಹೊರಡಿ. 108ಕ್ಕೆ ಕರೆ ಮಾಡಿ, ಅದು ಬರುವುದು ತಡ ಅಂತ ಗೊತ್ತಾದರೆ ಪಕ್ಕದ ಮನೆಯವರ ಜೀಪಿನಲ್ಲೇ ಹೊರಟುಬಿಡಿ.